‘ಶುಗರ್ ಇಳಿದ್ರೆ ಕೇಸಿಲ್ಲ’: ಬಳ್ಳಾರಿ ಹೈಸ್ಕೂಲ್ ಬ್ಯಾಚ್ ಗುಂಪು

ಮಂಜು: ‘ಶುಗರ್ ಇಳಿದು ಪ್ರಜ್ಞೆ ತಪ್ಪಿ ಡ್ರೈವರ್ ಅಪಘಾತ ಮಾಡಿದ್ರೆ ಕೇಸೇ ನಿಲ್ಲಲ್ಲ.’ ಇದು ಫಾರ್ವರ್ಡ್ ಬಂದೈತೆ. ಸಂಡೂರು ಅದಿರು ಲಾರಿಯವರ ಗುಂಪಿಗೂ ಹಾಕ್ಲಾ?

ಶರಣಪ್ಪ ವಕೀಲ, ಕೊಪ್ಪಳ: ಹಾಕಬ್ಯಾಡೋ. ಅರ್ಧ ಅಷ್ಟ ಖರೆ ಐತಿ. ಮೈಮ್ಯಾಲಿನ ಹಿಡಿತ ಪೂರಾ ತಪ್ಪಿ ಕೈಕಾಲು ತಾವಾಗೇ ಆಡಿದ್ರ ಆಟೊಮ್ಯಾಟಿಸಂ ಅಂತಾರ. ಐಪಿಸಿ ಬದ್ಲು ಬಂದ ಭಾರತೀಯ ನ್ಯಾಯ ಸಂಹಿತೆಯೊಳಗ ಆ ಹೆಸರಿನ ಕಲಮೇ ಇಲ್ಲ. 18ನೇ ಕಲಮಿನ ಆಕಸ್ಮಿಕ, ಇಲ್ಲಾ 22ರ ಚಿತ್ತಸ್ವಾಸ್ಥ್ಯ ಇಲ್ಲದಿರೋದು, ಇವುಗಳ ಒಳಗ ತೂರಿಸಬೇಕು. 18ಕ್ಕ ‘ತಕ್ಕ ಎಚ್ಚರಿಕೆ’ಯ ಷರತ್ತು ಐತಿ. ಅಲ್ಲೇ ಸಿಕ್ಕಿಬೀಳ್ತಾರ.

ಮಂಜು: ಪ್ರಜ್ಞೇನೇ ಇಲ್ದೋನು ಎಚ್ಚರಿಕೆ ಹೆಂಗ್ ತಗೋತಾನೋ?

ಶರಣಪ್ಪ: ತಪ್ಪಿದ ಮ್ಯಾಲಲ್ಲ, ತಪ್ಪೋಕ ಮೊದ್ಲು. 1958ರ ಇಂಗ್ಲೆಂಡಿನ ಹಿಲ್-ಬ್ಯಾಕ್ಸ್‌ಟರ್ ತೀರ್ಪು ನೋಡು. ಜೇನುಹುಳ ಮುತ್ತಿಕೊಂಡ್ರ ಗಾಡಿ ಓಡಿಸ್ತಿದ್ದ ಅನ್ನಾಕಾಗಲ್ಲ. ನಿದ್ದಿ ಬಂದಿದ್ರ ಆ ಮಾತು ನಡಿಯಲ್ಲ. ಕಣ್ಣು ಎಳಿಯೋದು ಗೊತ್ತಾಗ್ತೈತಿ, ಆಗ ನಿಲ್ಲಿಸಬೇಕಿತ್ತು.

ಡಾ. ಸುಮಾ: ಶುಗರ್‌ನಲ್ಲೂ ಹಂಗೇ. 70ಕ್ಕಿಂತ ಕೆಳಗೆ ಇಳಿದ್ರೆ ಬೆವರು, ಕೈ ನಡುಕ. 54ರ ಕೆಳಗೆ ತಲೆ ಮಂಕಾಗ್ತದೆ; ಸ್ಟೇರಿಂಗ್ ಹಿಡಿದೇ ಇರ್ತಾನೆ, ತಿರುವು ಬಂದಿದ್ದು ತಿಳಿಯಲ್ಲ. ಆದ್ರೆ ಬಹಳ ವರ್ಷ ಇನ್ಸುಲಿನ್ ತಗೊಂಡೋರಿಗೆ ಈ ಮುನ್ಸೂಚನೆ ಬರದೇ ಇರಬಹುದು. ಅವರಿಗೆ ‘ಗೊತ್ತಾಗಬೇಕಿತ್ತು’ ಅಂದ್ರೆ ಅನ್ಯಾಯ, ಶರಣಪ್ಪ.

ಶರಣಪ್ಪ: ಮೊದಲ್ನೇ ಸಲ ಆಗಿದ್ರ ಒಪ್ತೀನಿ. ಹಿಂದೊಮ್ಮೆ ಹಂಗ ಬಿದ್ದಿದ್ದು ಡಾಕ್ಟರ್ ಚೀಟಿಯೊಳಗಿದ್ರ, ಆ ಚೀಟೀನೇ ಅವನ ವಿರುದ್ಧ ಸಾಕ್ಷಿ. ಅಪಘಾತದಾಗ ಜೀವ ಹೋಗಿದ್ರ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದ ತನಕ ಜೈಲು ಐತಿ. ಇಂಗ್ಲೆಂಡಿನ ಇನ್ನೊಂದು ಜೋಡಿ ಕೇಳು. 1973ರ ಕ್ವಿಕ್ ಕೇಸಿನೊಳಗ ಇನ್ಸುಲಿನ್ ತಗೊಂಡು ಸರಿಯಾಗಿ ಉಣ್ಣದೆ ಶುಗರ್ ಇಳೀತು. ಕಾರಣ ಹೊರಗಿಂದ ಬಂದ ಇನ್ಸುಲಿನ್, ಒಳಗಿನ ರೋಗ ಅಲ್ಲ ಅಂತ ಶಿಕ್ಷೆ ರದ್ದಾತು. 1989ರ ಹೆನೆಸಿ ಕೇಸಿನೊಳಗ ಇನ್ಸುಲಿನ್ ಬಿಟ್ಟು ಶುಗರ್ ಏರಿತು. ಅದು ಒಳಗಿನ ರೋಗ, ಹುಚ್ಚಿನ ಲೆಕ್ಕ ಅಂದ್ರು.

ಸುಮಾ: ಕಾಯಿಲೆ ಒಂದೇ. ಸೂಜಿ ಚುಚ್ಚಿಕೊಂಡ್ರೆ ಬಿಡುಗಡೆ, ಬಿಟ್ರೆ ಹುಚ್ಚ ಅನ್ನೋ ಹಣೆಪಟ್ಟಿ! ವೈದ್ಯಶಾಸ್ತ್ರದಲ್ಲಿ ಇದಕ್ಕೆ ಬುಡವೇ ಇಲ್ಲ.

ಶರಣಪ್ಪ: ಖರೆ, ನನಗೂ ಆ ಗೆರೆ ಒಪ್ಪಿಗಿಲ್ಲ. ನಮ್ಮ ಕೋರ್ಟಿಗೆ ಅದನ್ನ ಪಾಲಿಸೋ ಕಟ್ಟುಪಾಡೂ ಇಲ್ಲ. ಇಲ್ಲಿನ ತೊಡಕು ಪುರಾವಿ. ಸಾಕ್ಷ್ಯ ಅಧಿನಿಯಮದ 108ರ ಪ್ರಕಾರ ವಿನಾಯಿತಿ ಕೇಳೋನೇ ರುಜುವಾತು ಮಾಡಬೇಕು.

ಸುಮಾ: ಹಂಗಾದ್ರೆ ಗ್ಲೂಕೋಸ್ ಏರಿಸೋಕೆ ಮೊದಲಿನ ಗ್ಲುಕೋಮೀಟರ್ ರೀಡಿಂಗ್, ಟೈಮ್ ಸಮೇತ ಆಸ್ಪತ್ರೆ ದಾಖಲೆಯಲ್ಲಿ ಇರಬೇಕು. ಬಾಟಲಿ ಹಚ್ಚಿದ ಮೇಲೆ ಶುಗರ್ ಏರೇಬಿಡ್ತದೆ, ಏನೂ ಉಳಿಯಲ್ಲ.

ಮಂಜು: ಲಾರಿಯವರಿಗೆ ಏನ್ ಹಾಕ್ಲಿ ಮತ್ತೆ?

ಸುಮಾ: ಇದನ್ನ ಹಾಕು. ಇನ್ಸುಲಿನ್ ತಗೊಳ್ಳೋರು ಸ್ಟೇರಿಂಗ್ ಹಿಡಿಯೋಕೆ ಮೊದಲು ಚೆಕ್ ಮಾಡ್ಲಿ. 90ರ ಕೆಳಗಿದ್ರೆ ಏನಾದ್ರೂ ತಿಂದು ಹೊರಡ್ಲಿ. ದಾರೀಲಿ ನಡುಕ ಬಂದ್ರೆ ಬದಿಗೆ ನಿಲ್ಲಿಸಿ, ಕೀಲಿ ತೆಗೆದು, 3 ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀಲಿ. 15 ನಿಮಿಷ ಬಿಟ್ಟು ಮತ್ತೆ ಚೆಕ್. ಶುಗರ್ ಸರಿಹೋದ ಮೇಲೂ 45 ನಿಮಿಷ ಗಾಡಿ ತೆಗೀಬಾರದು.