ಆ್ಯಪಿನ್ಯಾಗ ಗಾಳಿ ಛಲೋ ಅದ ಅಂತ ಬರ್ತದ, ನಮ್ಮೂರಾಗ ಹೊಗಿ ಯಾಕ್ರಿ?

ಸೇಡಂ_ಹುಡುಗ:
ಎಲ್ಲರಿಗೂ ಶರಣ್ರೀ. ನಮ್ದು ಸೇಡಂ ತಾಲೂಕಿನ್ಯಾಗ ಸಣ್ಣ ಊರು. ದೀಪಾವಳಿ ಮುಗದು ಥಂಡಿ ಬಿತ್ತಂದ್ರ ಮುಂಜಾನಿ ಬಾಗಿಲ ತಗದ್ರ ಮಂಜೋ ಹೊಗಿನೋ ಗೊತ್ತಾಗಲ್ಲ, ಗಂಟಲ ಕೆರಿತದ, ನಮ್ಮವ್ವಗ ಮೊದಲೇ ದಮ್ಮಿನ ತ್ರಾಸ, ರಾತ್ರಿ ಎದ್ದು ಕುಂದರ್ತಾಳ. ಊರಾಗ ಯಾರಿಗಿ ಕೇಳಿದ್ರೂ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಕಡಿ ಬೊಟ್ಟ ತೋರಸ್ತಾರ. ನಾ ಫೋನಿನ್ಯಾಗ ನೋಡಿದ್ರ ಎಕ್ಯೂಐ (ಗಾಳಿ ಎಷ್ಟ ಹೊಲಸ ಅದ ಅನ್ನೋ ನಂಬರ್, ಏರಿದಷ್ಟೂ ಕೆಟ್ಟದ್ದು) 78, 'ತೃಪ್ತಿಕರ' ಅಂತದ. ಹಂಗಾರ ಸುಳ್ಳ ಯಾರದು, ಫೋನಿಂದೋ ನಮ್ಮ ಗಂಟಲಿಂದೋ?

ರಿಟೈರ್ಡ್_ಮಾಸ್ತರ್:
ಎರಡೂ ಸುಳ್ಳಲ್ಲ ತಮ್ಮಾ. ಆ ನಂಬರ್ ಕೆಳಗ ಸಣ್ಣ ಅಕ್ಷರದಾಗ ಸ್ಟೇಷನ್ ಹೆಸರ ಇರ್ತದ ನೋಡು, ಕಲಬುರಗಿ ಶಹರದ್ದು ಇರಬೇಕು. ಐವತ್ತು ಕಿಲೋಮೀಟರ್ ಆಚಿ ಗಾಳಿ ಅಳದು ನಿಮ್ಮ ಓಣಿ ಲೆಕ್ಕ ಹೇಳಿದ್ರ ಹ್ಯಾಂಗ? ಮತ್ತ ಸರ್ಕಾರಿ ಎಕ್ಯೂಐ ಅಂದ್ರ 24 ತಾಸಿನ ಸರಾಸರಿ, ಮುಂಜಾನಿ ಆರರ ಹೊಗಿ ಮಧ್ಯಾಹ್ನದ ಗಾಳಿ ಜೋಡಿ ಕಲೆತು ಹೋಗ್ತದ. 'ತೃಪ್ತಿಕರ' ಅನ್ನೋದು 51ರಿಂದ 100 ತನಕ. ಪಿಎಂ 2.5, ಅಂದ್ರ ಗಾಳಿಯಾಗಿನ ಭಾಳ ಸಣ್ಣ ಧೂಳು, ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗಿ 60 ಮೈಕ್ರೋಗ್ರಾಂ ಇದ್ರೂ ನಮ್ಮಲ್ಲಿ ನಡಿತದ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) 2021ರಾಗ 15 ಅಂದದ. ದಮ್ಮಿನವರಿದ್ದ ಮನಿಯಾಗ ಆ್ಯಪಿನ ಹಸರ ಬಣ್ಣ ನೋಡಿ ಧೈರ್ಯ ಮಾಡಬ್ಯಾಡ.

ಒಲಿಮುಂದಿನ_ಅಕ್ಕ:
ಚಿಮಣಿ ಎತ್ತರ ಅದ ಎಲ್ಲರಿಗೂ ಕಾಣ್ತದ, ನಮ್ಮ ಬಚ್ಚಲ ಒಲಿ ಯಾರಿಗಿ ಕಾಣಬೇಕು? ಗ್ಯಾಸ್ ಬಂದದ ಖರೆ, ಆದ್ರ ಸಿಲಿಂಡರ್ ಉಳಸಬೇಕಂತ ನೀರ ಕಾಸ್ಲಾಕ, ಜ್ವಾಳದ ರೊಟ್ಟಿ ಬಡಿಲಾಕ ತೊಗರಿ ಕಟ್ಟಿಗಿನೇ. ರಾಶಿ ಆದ ಮ್ಯಾಲಂತೂ ಪುಕ್ಕಟ ಸಿಗ್ತಾವ. ಐದೂವರಿಗಿ ಓಣಿಯೆಲ್ಲಾ ಒಲಿ ಹತ್ತತಾವ, ಥಂಡಿಗಿ ಹೊಗಿ ಮ್ಯಾಲ ಏಳದೇ ಮಾಳಗಿ ಮ್ಯಾಲೇ ಕುಂತಿರ್ತದ. ಒಲಿ ಹೊಗಿ ನಮಗ ಹೊಗಿ ಅನ್ನಸಲ್ಲ ನೋಡ್ರಿ, ಅಡಗಿ ಅನ್ನಸ್ತದ. ನಮ್ಮ ಅತ್ತಿ ರೊಟ್ಟಿಗಿ ಕಟ್ಟಿಗಿ ರುಚಿನೇ ಬೇಕು ಅಂತಾರ, ಕೆಮ್ಮೂ ಅವರಿಗೇ. ಡಾಕ್ಟರ್ ಮೊದಲ ಕೇಳಿದ್ದು ಬೀಡಿ ಸೇದ್ತೀರೇನು ಅಂತಲ್ಲ, ಒಲಿ ಮುಂದ ಎಷ್ಟ ವರ್ಷ ಕುಂತೀರಿ ಅಂತ.

ಖಡಕ್_ರೊಟ್ಟಿ:
ಹಂಗಂತ ಫ್ಯಾಕ್ಟರಿಗಿ ಬಿಟ್ಟಬಿಡಬೇಕೇನಕ್ಕಾ? ನಮ್ಮ ಕಡಿ ಸುಣ್ಣಕಲ್ಲ ಲಾರಿ ತಾಡಪತ್ರಿ ಹೊಚ್ಚದೇ ಓಡ್ತಾವ, ರೋಡ ಮಗ್ಗಲಿನ ತೊಗರಿ ಎಲಿ ಬೂದಿ ಬಣ್ಣ ಆಗ್ಯಾವ. ಚಿಮಣಿಯಿಂದ ಸಣ್ಣ ಧೂಳೂ ಬರ್ತದ. ಬಡವರ ಒಲಿ ತೋರ್ಸಿ ದೊಡ್ಡವರು ಪಾರಾಗೋದು ನನಗ ಸರಿ ಅನ್ನಸಲ್ಲ.

ಒಲಿಮುಂದಿನ_ಅಕ್ಕ:
ಬಿಡ್ರಿ ಅಂತ ಯಾರಂದ್ರು ತಮ್ಮಾ, ಲೆಕ್ಕದಾಗ ನಮ್ಮದೂ ಹಿಡೀರಿ ಅಂದೆ. ಓಣಿ ಮೂಲಿಗಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಸುಡೋರು ಫ್ಯಾಕ್ಟರಿಯವರೇನು?

ಬೀದರ್_ಬಾಬಾ:
ಅವ್ವಗ ಎನ್95 ಮಾಸ್ಕ್ ತಂದ ಕೊಡ್ರಿ, ಬಟ್ಟಿದು ಹೊಗಿಗಿ ನಡಿಯಲ್ಲ.

ಸೇಡಂ_ಹುಡುಗ:
ಮಾಸ್ತರ್ರ, ಸ್ಟೇಷನ್ ಕಲಬುರಗಿದೇ ಅದ್ರಿ. ಅಕ್ಕಾ, ಇವತ್ತ ಮುಂಜಾನಿ ಮಾಳಗಿ ಏರಿ ನಿಂತಿದ್ದೆ, ಚಿಮಣಿ ಹೊಗಿ ಯಾದಗಿರಿ ಕಡಿ ಹೊಂಟಿತ್ತು, ನಮ್ಮ ಓಣಿ ಮ್ಯಾಲ ಕುಂತಿದ್ದು ನಮ್ಮ ನಮ್ಮ ಮನಿದೇ. ನಾಳಿಗಿ ಗಾಳಿ ತಿರಗಿದ್ರ ಅದೂ ಬರ್ತದ ಬಿಡ್ರಿ. ಅವ್ವನ ಹಾಸಿಗಿ ಬಚ್ಚಲ ಗ್ವಾಡಿಗಿ ಹತ್ತಿ ಇತ್ತು, ಪಡಸಾಲಿಗಿ ಹಾಕೀನಿ. ಈಗ ಥಂಡಿ ಹತ್ತತದ ಅಂತ ಬೈಲಾಕತ್ತಾಳ.