ವಿದೇಶಿ ಸಾಲದ ಕಾಲುವೆ ಕಾಮಗಾರಿ: ರೈತರು, ಕರೆಂಟ್ ಕಂಬ, ರೈಲ್ವೆ. ಯಾವುದು ಮೊದಲು?

ಕಾಲುವೆಮಿತ್ರ (ಪ್ರಶ್ನೆ):
ಬ್ಯಾಡಗಿ ಕಡೆ ಹಳೆಯ ವಿತರಣಾ ಕಾಲುವೆಗೆ ಲೈನಿಂಗ್ (ಒಳಮೈಗೆ ಕಾಂಕ್ರೀಟ್ ಹೊದಿಕೆ) ಮಾಡಿ ತೂಬು ಬದಲಿಸುವ ಕೆಲಸ. ಹಣ ವಿದೇಶಿ ಬ್ಯಾಂಕಿನ ಸಾಲದ್ದು. ಕಾಲುವೆ ಖಾಲಿ ಇರುವುದು ಜನವರಿಯಿಂದ ಮೇ ತನಕ ಮಾತ್ರ. ದಂಡೆಯ ಇಲಾಖೆ ಜಾಗದಲ್ಲಿ ಕೆಲವರು ಮೆಣಸಿನಕಾಯಿ ಹಾಕಿದ್ದಾರೆ, ಉತಾರದಲ್ಲಿ (ಪಹಣಿಯಲ್ಲಿ) ಅವರ ಹೆಸರಿಲ್ಲ. ಕಂಬಗಳು ಅಡ್ಡ ಇವೆ, ಒಂದು ಕಡೆ ರೈಲ್ವೆ ಹಳಿ ದಾಟಬೇಕು. ಬ್ಯಾಂಕಿನ ತಂಡ ಬರುವ ಮುನ್ನ ಏನೇನು ಮುಗಿದಿರಬೇಕು?

ಎರೆಹೊಲ:
ಉತಾರ ಇಲ್ಲದವರನ್ನೇ ಮೊದಲು ಮಾತಾಡಿಸಿ. ಕೆಲಸ ನಿಲ್ಲುವುದು ಅಲ್ಲೇ. ಇಲಾಖೆ ಅದನ್ನು ಒತ್ತುವರಿ ಎಂದು ನೋಟಿಸ್ ಕೊಡುತ್ತದೆ. ಆದರೆ ವಿಶ್ವಬ್ಯಾಂಕ್, ಏಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಎರಡರ ನಿಯಮದಲ್ಲೂ ಇಂಥವರಿಗೆ ಭೂಮಿಯ ಬೆಲೆ ಸಿಗದಿದ್ದರೂ ಬೆಳೆ, ಗಿಡ, ಶೆಡ್ಡಿನ ಪರಿಹಾರ ಸಿಗಲೇಬೇಕು, ಅದೂ ತೆರವಿಗೆ ಮುಂಚೆ.

ಕಟ್ ಆಫ್ ದಿನಾಂಕ (ಅದರ ನಂತರ ಬಂದು ಕೂತವರಿಗೆ ಪರಿಹಾರ ಇಲ್ಲ ಎನ್ನುವ ದಿನ) ಗೊತ್ತುಮಾಡಿ ಪಂಚಾಯ್ತಿಯಲ್ಲಿ ಅಂಟಿಸಿ, ಡಂಗುರ ಹೊಡೆಸಿ. ಚೈನೇಜ್ (ಕಾಲುವೆಯ ಶುರುವಿನಿಂದ ಅಳೆದ ದೂರ) ಪ್ರಕಾರ ನಡೆದು ಪ್ರತಿ ತುಂಡಿನ ಅಳತೆ, ಬೆಳೆಯ ಹಂತ, ಫೋಟೊ, ಬ್ಯಾಂಕ್ ಖಾತೆ ಸಂಖ್ಯೆ ಬರೆದುಕೊಳ್ಳಿ. ಲಾವಣಿಗೆ (ಗೇಣಿಗೆ) ಮಾಡಿದವರಿದ್ದರೆ ಬೆಳೆಯ ಹಣ ಬಿತ್ತಿದವರಿಗೆ ಹೋಗಬೇಕು. ಹೊಲದ ಮಾಲೀಕರಿಗೆ ಕೊಟ್ಟುಬಿಟ್ಟರೆ ಆಮೇಲೆ ಜಗಳ ಬಿಡಿಸಲು ಆಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಮೆಣಸಿನಕಾಯಿ ಬಿಡಿಸುವುದು ಮಾರ್ಚ್ ತನಕ ಎರಡು ಮೂರು ಸುತ್ತು ನಡೆಯುತ್ತದೆ. ಆ ಚೈನೇಜನ್ನು ಏಪ್ರಿಲ್‌ಗೆ ದೂಡಿ ಬೇರೆ ಕಡೆಯಿಂದ ಶುರು ಮಾಡಿ. ಬೆಳೆ ಪರಿಹಾರದ ಬಹುಪಾಲು ಪ್ರಶ್ನೆಯೇ ಏಳುವುದಿಲ್ಲ.

ಹುಬ್ಬಳ್ಳಿ_ಸೈಟ್:
ರೈಲ್ವೆಗೆ ಅರ್ಜಿ ಇವತ್ತೇ ಹಾಕಿ, ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಅದೇ. ಹುಬ್ಬಳ್ಳಿ ಅಥವಾ ಮೈಸೂರು, ಆ ಹಳಿ ಯಾವ ವಿಭಾಗಕ್ಕೆ ಸೇರುತ್ತದೆ ಎಂದು ಕೇಳಿಕೊಂಡೇ ನಕ್ಷೆ ಕಳಿಸಿ. ಈ ಹಂಗಾಮಿನಲ್ಲಿ ಅನುಮತಿ ಬರುತ್ತದೆಂದು ನಂಬಿ ಎರಡೂ ಬದಿ ಅಗೆದಿಡಬೇಡಿ.

ಕಂಬಕ್ಕೆ ಹೆಸ್ಕಾಂ (ವಿದ್ಯುತ್ ಕಂಪನಿ) ಶಾಖಾಧಿಕಾರಿಯ ಜೊತೆ ಜಂಟಿ ಸ್ಥಳ ಪರಿಶೀಲನೆ, ಎಸ್ಟಿಮೇಟ್, ಹಣ ಕಟ್ಟುವುದು, ಆಮೇಲೆ ಲೈನ್ ಬಂದ್. ಬಂದ್ ಮಾಡುವ ದಿನ ಪಂಪ್‌ಸೆಟ್ ರೈತರಿಗೆ ಮುಂಚೆಯೇ ತಿಳಿಸಿ. ಇದು ಎಲ್ಲರೂ ಮರೆಯುವ ಸಂಗತಿ.

ಬಂಡಿ ದಾರಿ ಕಡಿಯುವ ಮುನ್ನ ಪೈಪ್ ಹಾಕಿ ದಾಟುವ ವ್ಯವಸ್ಥೆ ಮಾಡಿ. ಎರೆ ಮಣ್ಣು ಹಸಿ ಇರುವಾಗ ಟಿಪ್ಪರ್ ಇಳಿದರೆ ಹೊಲ ಗಟ್ಟಿಯಾಗಿ ಮುಂದಿನ ಬೆಳೆ ಹೋಗುತ್ತದೆ. ತಾತ್ಕಾಲಿಕವಾಗಿ ಪಡೆದ ಜಾಗದಲ್ಲಿ ಮೇಲಿನ 15–20 ಸೆಂ.ಮೀ. ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ, ಕೆಲಸ ಮುಗಿದ ಮೇಲೆ ಮತ್ತೆ ಹರಡಿ.

ಕೊನೆತೂಬು:
ಮೇಲಿನವರು ಬಿಟ್ಟ ಎರಡು ಮಾತು. ಒಂದು, ಗುತ್ತಿಗೆದಾರರಿಗೆ ಪೂರ್ತಿ ಉದ್ದ ಒಪ್ಪಿಸಬೇಡಿ. ಪರಿಹಾರ ಮುಗಿದ ತುಂಡುಗಳನ್ನಷ್ಟೇ ಚೈನೇಜ್ ಬರೆದು ಒಪ್ಪಿಸುವಂತೆ ಒಪ್ಪಂದದಲ್ಲೇ ಇರಲಿ. ಇಲ್ಲದಿದ್ದರೆ ಫಿಡಿಕ್ ಮಾದರಿಯ (ಅಂತರರಾಷ್ಟ್ರೀಯ ಕಾಮಗಾರಿ ನಮೂನೆಯ) ಒಪ್ಪಂದದಲ್ಲಿ ಸೈಟ್ ತಡವಾಯಿತೆಂದು ಅವಧಿಯ ಜೊತೆ ಹಣವನ್ನೂ ಕೇಳುತ್ತಾರೆ.

ಎರಡು, ದೂರು ಪುಸ್ತಕ. ಬಾಯಿಮಾತಿನ ದೂರನ್ನೂ ಬರೆದು, ನಂಬರ್ ಹಾಕಿ, ಪ್ರತಿ ಕೊಡಿ. ಸೈಟಿನಲ್ಲಿ 7 ದಿನದೊಳಗೆ ತೀರದ್ದು ಮೇಲಿನ ಸಮಿತಿಗೆ ಹೋಗಲಿ. ಖಾಲಿ ಪುಸ್ತಕ ನೋಡಿದರೆ ಬ್ಯಾಂಕಿನವರಿಗೆ ಅನುಮಾನ ಬರುವುದೇ ಸಹಜ. ಇಬ್ಬರು ಬಾಧಿತರು ಸೇರಿದರೆ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಕೊಡಬಹುದು. ಹಳ್ಳಿಯಲ್ಲೇ ತೀರುವ ಜಗಳ ಅಲ್ಲಿಗೆ ಹೋಗಬಾರದು.

ನೀರು ಬಳಕೆದಾರರ ಸಂಘದ ಸಭೆಯನ್ನು ಕೊನೆಯ ತೂಬಿನ ಹತ್ತಿರವೂ ಒಮ್ಮೆ ಮಾಡಿ. ತಲೆಭಾಗದ ಅಧ್ಯಕ್ಷರ ಮನೆಯಲ್ಲಿ ಸಭೆಯಾದರೆ ಕೊನೆಭಾಗದವರ ಮಾತು ದಾಖಲೆಗೇ ಬರುವುದಿಲ್ಲ.

ಕಾಲುವೆಮಿತ್ರ:
ಹೊಲಗಾಲುವೆಗೆ ಸ್ವಲ್ಪ ಜಾಗ ಪುಕ್ಕಟೆ ಬಿಡುತ್ತೇವೆ ಎನ್ನುತ್ತಿದ್ದಾರೆ. ಬಾಂಡ್ ಪೇಪರ್ ಸಾಕೇ?

ಎರೆಹೊಲ:
ಸಾಲದು ಸರ್. ಬೇಡ ಎನ್ನುವ ಹಕ್ಕು ಅವರಿಗಿದೆ ಎಂದು ತಿಳಿಸಿದ್ದು ದಾಖಲಾಗಿರಬೇಕು. ಬಿಡುವ ಜಾಗ ತೀರಾ ಕಡಿಮೆ ಇರಬೇಕು, ಉಳಿದ ಹೊಲದಲ್ಲಿ ಅವರ ಜೀವನ ನಡೆಯಬೇಕು. ಜಂಟಿ ಖಾತೆಯಾದರೆ ಅಕ್ಕತಂಗಿಯರೂ ಸೇರಿ ಎಲ್ಲ ಪಾಲುದಾರರ ಸಹಿ ಬೇಕು. ಇಲಾಖೆಗೂ ಗುತ್ತಿಗೆದಾರರಿಗೂ ಸೇರದ ಮೂರನೆಯವರು ರೈತರನ್ನು ಬೇರೆಯಾಗಿ ಕೂರಿಸಿ ಕೇಳಿ ದೃಢೀಕರಿಸಬೇಕು. ಒಬ್ಬರು ಹಿಂಜರಿದರೂ ಅಲೈನ್‌ಮೆಂಟ್ (ಕಾಲುವೆ ಹೋಗುವ ಜಾಡು) ಸರಿಸಿ, ಇಲ್ಲವೇ ಹಣ ಕೊಟ್ಟು ಕೊಳ್ಳಿ.