'ಲೋಡ್'ಗೆ ಹೊರೆ, 'ಸ್ಟ್ರೇ'ಗೆ ಬಿಡಾಡಿ: ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ನಡೆಸುತ್ತೇನೆ. ಕ್ರಿಸ್ಟಲ್ ಆಸಿಲೇಟರ್ (ಕ್ರಿಸ್ಟಲ್ ತುಣುಕಿನ ಕಂಪನದಿಂದ ಗಡಿಯಾರದಂಥವಕ್ಕೆ ತಾಳ ಕೊಡುವ ಸರ್ಕ್ಯೂಟ್) ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಲು ಕೂತವನು 'ಲೋಡ್', 'ಸ್ಟ್ರೇ' ಎಂಬ ಎರಡು ಪದಗಳಿಗೆ ಕನ್ನಡ ಹುಡುಕುತ್ತಾ ಸಿಕ್ಕಿಹಾಕಿಕೊಂಡಿದ್ದೇನೆ.

ಮುಧೋಳ ಕಡೆಯ ಹುಡುಗನೊಬ್ಬ ಗಡಿಯಾರದ ಸರ್ಕ್ಯೂಟ್ ಮಾಡಿದ್ದ. 32.768 ಕಿಲೋಹರ್ಟ್ಸ್ ಕ್ರಿಸ್ಟಲ್. ಅದರ ಡೇಟಾಶೀಟಿನಲ್ಲಿ (ತಯಾರಕರ ವಿವರ ಪಟ್ಟಿ) ಲೋಡ್ ಕೆಪಾಸಿಟನ್ಸ್, ಅಂದರೆ ಸರಿಯಾದ ವೇಗದಲ್ಲಿ ಕಂಪಿಸಲು ಕ್ರಿಸ್ಟಲ್‌ಗೆ ಬೇಕಾದ ಕೆಪಾಸಿಟನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಮರ್ಥ್ಯ), 12.5 ಪಿಕೋಫ್ಯಾರಡ್ ಅಂತಿತ್ತು. ಇವನು ಕ್ರಿಸ್ಟಲ್‌ನ ಎರಡೂ ಕಾಲಿಗೆ 12 ಪಿಕೋಫ್ಯಾರಡ್‌ನ ಒಂದೊಂದು ಕೆಪಾಸಿಟರ್ ಹಾಕಿದ್ದ. ಗಡಿಯಾರ ವಾರಕ್ಕೆ ಕಾಲು ನಿಮಿಷ ಮುಂದೆ! ಕೇಳಿದರೆ, "ಲೋಡ್ ಹನ್ನೆರಡೂವರಿ ಅಂತ ಬರದಾರಲ್ರಿ ಸರ, ಹಂಗ ಹಾಕೇನಿ" ಅಂದ. ಅವನ ಊರಲ್ಲಿ ಲೋಡ್ ಅಂದ್ರೆ ಟ್ರ್ಯಾಕ್ಟರಿಗೆ ಹೇರುವ ಕಬ್ಬು. ಟ್ರೇಲರ್ ಒಂದಕ್ಕೆ ಒಂದು ಲೋಡ್. ಹಾಗೇ ಕಾಲಿಗೊಂದು ಲೋಡ್ ಅಂದುಕೊಂಡಿದ್ದ.

ಇಲ್ಲಿ ಹಾಗಲ್ಲ. ಈ ಲೋಡ್ ಕ್ರಿಸ್ಟಲ್ ಮೇಲೆ ಬೀಳುವ ಒಟ್ಟು ಲೆಕ್ಕ. ಎರಡು ಕೆಪಾಸಿಟರ್ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಕೂರುವುದರಿಂದ, ಸಮನಾದ ಜೋಡಿಯ ಒಟ್ಟು ಬೆಲೆ ಒಂದರ ಅರ್ಧ: 12ರ ಜೋಡಿ ಬರೀ 6. ಬೋರ್ಡಿನ ತಾಮ್ರದ ಗೆರೆ, ಐಸಿಯ (ಚಿಪ್‌ನ) ಪಿನ್ನು ಇವುಗಳದ್ದು ಅಂದಾಜು 4. ಕೂಡಿದರೆ 10, ಎರಡೂವರೆ ಕಮ್ಮಿ. ಸರಿಯಾದ ಲೆಕ್ಕ: 12.5ರಲ್ಲಿ 4 ಕಳೆದು ಎರಡರಿಂದ ಗುಣಿಸಿ, 17. ಅಂಗಡಿಯಲ್ಲಿ ಸುಲಭವಾಗಿ ಸಿಗೋದು 18, ಅದನ್ನೇ ಹಾಕಿಸಿದೆ.

ಈಗ ಪದಕ್ಕೆ ಬರ್ತೀನಿ. 'ಹೊರೆ' ನನಗೆ ಇಷ್ಟ. ಹೊರೆ ಜಾಸ್ತಿಯಾದರೆ ಎತ್ತು ನಿಧಾನ, ಕ್ರಿಸ್ಟಲ್ಲೂ ಹಾಗೇ. ಕಮ್ಮಿಯಾದರೆ ಈ ಹುಡುಗನ ಗಡಿಯಾರದಂತೆ ಓಡುತ್ತದೆ. ತೊಂದರೆ ಏನಂದ್ರೆ, ಮೇವಿನ ಹೊರೆಯನ್ನೂ ನಾವು ಒಂದು, ಎರಡು ಅಂತ ಎಣಿಸುತ್ತೇವೆ. ಮತ್ತೆ ಅದೇ ತಪ್ಪು ಆಗಬಹುದು. 'ಒಟ್ಟು ಹೊರೆ' ಅಂದರೆ ಸರಿಹೋದೀತಾ? (ಕ್ರಿಸ್ಟಲ್ ಅನ್ನು ಹಾಗೇ ಬಿಟ್ಟಿದ್ದೇನೆ. 'ಸ್ಫಟಿಕ' ಅಂದರೆ ಹುಡುಗರಿಗೆ ಕ್ಷೌರದಂಗಡಿಯ ಪಟಿಕ ನೆನಪಾಗುತ್ತದೆ.)

ತಾಮ್ರದ ಗೆರೆ, ಪಿನ್ನುಗಳ ಆ 4 ಇದೆಯಲ್ಲ, ಅದು ಸ್ಟ್ರೇ ಕೆಪಾಸಿಟನ್ಸ್. 'ಅನಪೇಕ್ಷಿತ' ಬಾಯಿಗೆ ಭಾರ. ಲ್ಯಾಬಿನಲ್ಲಿ ಸುಮ್ನೆ 'ಬಿಡಾಡಿ' ಅಂದುಬಿಟ್ಟೆ. ಬಿಡಾಡಿ ದನದ ಹಾಗೆ ಇದನ್ನು ಯಾರೂ ತಂದು ಕಟ್ಟಿದ್ದಲ್ಲ, ಆದರೂ ಹೊಲಕ್ಕೆ ನುಗ್ಗಿ ತನ್ನ ಪಾಲು ಮೇಯ್ದೇ ಮೇಯುತ್ತದೆ. ಹುಡುಗರು ನಕ್ಕರು. ಆಮೇಲೆ ಆ 4 ಕಳೆಯೋದನ್ನು ಒಬ್ಬನೂ ಮರೆತಿಲ್ಲ.

ನಮ್ಮ ಕಡೆ ಮನುಷ್ಯರಿಗೆ 'ಬಿಡಾಡಿ' ಅಂದರೆ ಬೈಗುಳವೇ. ಅಚ್ಚಾಗುವ ಪುಟದಲ್ಲಿ ಅದು ಒರಟಾಗಿ ಕಾಣುತ್ತಾ? ಮೈಸೂರು, ಮಂಗಳೂರು ಕಡೆಯವರಿಗೆ ಹೇಗೆ ಕೇಳಿಸುತ್ತದೆ, ತಿಳಿಸಿ.